ಕೊಟ್ಟ ಅಕ್ಷರಗಳಿರುವ ಇಂಗ್ಲಿಷ್ ಪದ ಹುಡುಕುವುದು: ನನ್ನ ಅನುಭವ

ಜಿ, ಎಚ್, ಟಿ, ಯು, ವೈ. ಈ ಐದೂ ಇರುವ ಪದ ಬೇಕು ಎಂದರೆ ನಾನು ಮೊದಲು ಇತ್ಯರ್ಥ ಮಾಡಿಕೊಳ್ಳುವುದು ಕೇಳಿದ್ದು ಏನು ಎಂಬುದನ್ನು. ಈ ಐದು ಇದ್ದು ಬೇರೆಯವೂ ಸೇರಬಹುದೇ? ಇವುಗಳಿಂದಷ್ಟೇ ಪದವಾಗಬೇಕೇ, ಕೆಲವು ಉಳಿದರೂ ಪರವಾಗಿಲ್ಲವೇ? ಅಥವಾ ಒಂದೂ ಉಳಿಯದೆ, ಹೊರಗಿನದು ಒಂದೂ ಸೇರದೆ ಆಗಬೇಕೇ? ಇ, ಐ, ಎಲ್, ಎನ್, ಎಸ್, ಟಿ ತೆಗೆದುಕೊಂಡರೆ ಮೊದಲನೆಯದಕ್ಕೆ ‘ಲೈಟ್‌ನೆಸ್’ ಆಗುತ್ತದೆ, ಎರಡನೆಯದಕ್ಕೆ ‘ಟೈಲ್’ ಸಾಕು, ಮೂರನೆಯದಕ್ಕೆ ‘ಲಿಸನ್’, ‘ಸೈಲೆಂಟ್’, ‘ಎನ್‌ಲಿಸ್ಟ್’, ‘ಟಿನ್ಸೆಲ್’, ‘ಇನ್‌ಲೆಟ್ಸ್’ನಂಥವು ಮಾತ್ರ. ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಬಹುಪಾಲು ಎದುರಾಗುವುದು ಎರಡನೆಯ ಪ್ರಶ್ನೆ. ಕೈಯಲ್ಲಿರುವ ಏಳೂ ಬಿಲ್ಲೆ ಇಟ್ಟು 50 ಅಂಕದ ಬೋನಸ್ ಹೊಡೆಯಬೇಕೆಂದರೆ ಮೂರನೆಯದರ ಹತ್ತಿರ ಹೋಗುತ್ತದೆ. ಮೂರನ್ನೂ ಕಲಸಿಕೊಂಡವರಿಗೆ ಸಾಫ್ಟ್‌ವೇರ್ ಕೊಟ್ಟರೂ ತಪ್ಪು ಪಟ್ಟಿಯೇ ಬರುತ್ತದೆ.

ಕೈಯಲ್ಲಿ ಹುಡುಕುವಾಗ ನಮಗೆ ಅಡ್ಡ ಬರುವುದು ಕಿವಿ. ಕನ್ನಡದಲ್ಲಿ ನುಡಿದಂತೆ ಬರೆದು ರೂಢಿಯಾಗಿರುವುದರಿಂದ ಅಕ್ಷರ ಕಂಡೊಡನೆ ಅದರ ಸದ್ದನ್ನು ಹಿಡಿದು ಪದ ಹುಡುಕುತ್ತೇವೆ. ಕೆ, ಎನ್ ಕೊಟ್ಟರೆ ‘ಬ್ಯಾಂಕ್’, ‘ಡ್ರಿಂಕ್’ ಥಟ್ಟನೆ ಹೊಳೆಯುತ್ತವೆ, ‘ನೈಫ್’ ಹೊಳೆಯುವುದೇ ಇಲ್ಲ. ಹಾಗಾಗಿ ಮೌನವಾಗಿ ಕೂತ ಅಕ್ಷರಗಳದ್ದೇ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ: ‘ಡೆಟ್’, ‘ಡೌಟ್’, ‘ಪ್ಲಂಬರ್’ಗಳ ಬಿ, ‘ರಿಸೀಟ್’, ‘ಸೈಕಾಲಜಿ’ಯ ಪಿ, ‘ಆನ್ಸರ್’, ‘ರಿಸ್ಟ್’ನ ಡಬ್ಲ್ಯು, ‘ಡಿಸೈನ್’ನ ಜಿ, ‘ಐಲ್ಯಾಂಡ್’ನ ಎಸ್, ‘ಕಾಲಮ್’, ‘ಆಟಮ್’ಗಳ ಕೊನೆಯ ಎನ್.

ಈಗ ಮೊದಲಿನ ಐದಕ್ಕೆ ಬರೋಣ. ಹಾಳೆಯ ಮೇಲೆ ಅವನ್ನು ಸಾಲಾಗಿ ಬರೆಯದೆ ಸುತ್ತ ವೃತ್ತವಾಗಿ ಬರೆಯುತ್ತೇನೆ. ಸಾಲಾಗಿ ಬರೆದರೆ ಆ ಕ್ರಮವೇ ಕಣ್ಣಿಗೆ ಅಂಟಿಕೊಳ್ಳುತ್ತದೆ. ಜಿ-ಎಚ್-ಟಿ ಒಟ್ಟಿಗೆ ಬರುವ ಗುಂಪು, ಅದರ ಹಿಂದೆ ಯು, ಕೊನೆಗೆ ವೈ. ಇಷ್ಟರಲ್ಲೇ ತುಂಟ ಎಂಬರ್ಥದ ‘ನಾಟಿ’, ಸೊಕ್ಕಿನ ‘ಹಾಟಿ’, ಗಟ್ಟಿಗ ಎನ್ನುವ ‘ಡೌಟಿ’ ಸಿಗುತ್ತವೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಆಮೇಲೆ ಗುಂಪನ್ನು ಒಡೆಯುತ್ತೇನೆ. ಟಿ-ಎಚ್ ಮುಂದಕ್ಕೆ ಹೋದರೆ ‘ಥರೋಲಿ’. ಟಿ ಒಂದೇ ಮುಂದೆ ಹೋಗಿ ಜಿ-ಎಚ್ ಹಿಂದೆ ಉಳಿದರೆ ‘ಟಫ್‌ಲಿ’. ಜಿ-ಎಚ್ ಜೋಡಿಯನ್ನೂ ಬಿಡಿಸಿದರೆ ‘ಥಗರಿ’ (ಹಿಂದಿಯ ಠಗ್ ಇಂಗ್ಲಿಷಿಗೆ ಹೋಗಿ ಬಾಲ, ಅಂದರೆ ಕೊನೆಯ ಪ್ರತ್ಯಯ, ಅಂಟಿಸಿಕೊಂಡದ್ದು). ಕೊನೆಯದಾಗಿ, ವೈ ಯಾವಾಗಲೂ ಕೊನೆಗೇ ಇರಬೇಕೆಂಬ ಊಹೆಯನ್ನು ಕೈಬಿಟ್ಟು ಅದನ್ನು ಮುಂದಿಡಬೇಕು. ಆಗ ‘ಯೋಗರ್ಟ್’ ಬರುತ್ತದೆ, ಎಚ್ ಇರುವ ಕಾಗುಣಿತದಲ್ಲಿ.

ಬಾಲ ಕಳಚುವುದು ಒಳ್ಳೆಯ ಉಪಾಯ, ಆದರೆ ಒಂದೇ ಬಾಲಕ್ಕೆ ಜೋತುಬೀಳಬಾರದು. ಎ, ಸಿ, ಡಿ, ಇ, ಐ, ಎನ್, ಒ, ಟಿ, ಯು ಎಂಬ ಒಂಬತ್ತರಲ್ಲಿ ಟಿ-ಐ-ಒ-ಎನ್ ಕೊನೆಗಿಟ್ಟರೆ ‘ಎಜುಕೇಶನ್’ ಸಿಗುತ್ತದೆ. ಅದನ್ನು ಬಿಟ್ಟು ಇ-ಡಿ ಕೊನೆಗಿಟ್ಟಾಗಲೇ ‘ಕಾಷನ್ಡ್’, ‘ಆಕ್ಷನ್ಡ್’ ಕಾಣುವುದು. ವಿರಳ ಅಕ್ಷರಗಳನ್ನು ಮೊದಲು ಕೂರಿಸಿ: ಕ್ಯು ಇದ್ದರೆ ಪಕ್ಕದಲ್ಲಿ ಯು ಬಹುತೇಕ ಖಚಿತ, ಜೆ, ವಿ ಪದದ ಕೊನೆಯಲ್ಲಿ ಬರುವುದು ತೀರಾ ಅಪರೂಪ.

ಎಲ್ಲ ಪದಗಳೂ ಬೇಕೆಂದರೆ ಕಂಪ್ಯೂಟರೇ ಆಗಬೇಕು. ಸಾಲಿಗೊಂದು ಪದವಿರುವ ಸಾದಾ ಟೆಕ್ಸ್ಟ್ ಫೈಲ್ ಇದ್ದರೆ, ಬೇಕಾದ ಸಾಲುಗಳನ್ನು ಹುಡುಕಿಕೊಡುವ ‘ಗ್ರೆಪ್’ ಆಜ್ಞೆ ಸಾಕು. ಇಲ್ಲಿ ಎಲ್ಲರೂ ಎಡವುವುದು ಐದೂ ಅಕ್ಷರಗಳನ್ನು ಒಂದೇ ಚೌಕ ಆವರಣದೊಳಗೆ ಹಾಕಿ. ಅದರ ಅರ್ಥ ‘ಇವುಗಳಲ್ಲಿ ಯಾವುದಾದರೂ ಒಂದು’ ಎಂದು, ಹೀಗಾಗಿ ಪಟ್ಟಿಯ ಬಹುಭಾಗ ಸುರಿದುಬರುತ್ತದೆ. ಅಕ್ಷರಕ್ಕೊಂದರಂತೆ ಐದು ಗ್ರೆಪ್ ಬರೆದು ಪೈಪ್‌ನಿಂದ ಜೋಡಿಸಿ, ಒಂದರ ಫಲಿತಾಂಶ ಇನ್ನೊಂದಕ್ಕೆ ಹೋಗಲಿ. ಟಿ ಎರಡು ಸಲ ಬೇಕಿದ್ದರೆ ಟಿ, ಚುಕ್ಕಿ, ನಕ್ಷತ್ರ, ಟಿ ಎಂದು ಬರೆಯಬೇಕು; ಚುಕ್ಕಿ-ನಕ್ಷತ್ರ ಎಂದರೆ ನಡುವೆ ಏನಿದ್ದರೂ ಸರಿ ಎಂದು.

ಎರಡನೆಯ ಬಗೆಯ ಪ್ರಶ್ನೆಗೆ ಚೌಕ ಆವರಣ ಸರಿಯೇ, ಅದಕ್ಕೆ ‘ಎಷ್ಟು ಸಲವಾದರೂ’ ಎನ್ನುವ ನಕ್ಷತ್ರ ಅಂಟಿಸಿ, ಮುಂದೆ ಸಾಲಿನ ಆರಂಭದ ಗುರುತು (^), ಹಿಂದೆ ಕೊನೆಯ ಗುರುತು ($) ಇಟ್ಟರೆ. ಆದರೆ ಅದು ಅಕ್ಷರಗಳನ್ನು ಎಣಿಸುವುದಿಲ್ಲ. ಇ, ಐ, ಎಲ್, ಎನ್, ಎಸ್, ಟಿ ಕೊಟ್ಟು ನೋಡಿ, ‘ಟೆನಿಸ್’ ಒಳಗೆ ನುಸುಳುತ್ತದೆ. ಅದಕ್ಕೆ ಎರಡು ಎನ್ ಬೇಕು, ನಮ್ಮಲ್ಲಿರುವುದು ಒಂದೇ. ಹಾಗಾಗಿ ಬಂದದ್ದನ್ನು ಮತ್ತೆ ಎಣಿಕೆಯಿಂದ ಸೋಸಬೇಕು. ಎಕ್ಸೆಲ್‌ನಲ್ಲಾದರೆ ಪದದ ‘ಲೆನ್’ನಿಂದ (ಉದ್ದ ಹೇಳುವ ಸೂತ್ರ), ‘ಸಬ್‌ಸ್ಟಿಟ್ಯೂಟ್’ ಬಳಸಿ ಆ ಅಕ್ಷರ ಅಳಿಸಿದ ಪದದ ‘ಲೆನ್’ ಕಳೆಯಿರಿ. ಉಳಿದದ್ದೇ ಆ ಅಕ್ಷರದ ಎಣಿಕೆ. ಸಬ್‌ಸ್ಟಿಟ್ಯೂಟ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಬೇರೆ, ಆದ್ದರಿಂದ ಎಲ್ಲವನ್ನೂ ಚಿಕ್ಕಕ್ಷರ ಮಾಡುವ ‘ಲೋಯರ್’ ಮೊದಲೇ ಹಾಕಿಟ್ಟುಕೊಳ್ಳಿ.

ಮೂರನೆಯ ಪ್ರಶ್ನೆಗೆ ಪ್ರತಿ ಪದದ ಅಕ್ಷರಗಳನ್ನು ಎ-ಯಿಂದ ಝಡ್ ಕ್ರಮಕ್ಕೆ ಜೋಡಿಸಿ ಪಕ್ಕದ ಕಾಲಮ್ಮಿನಲ್ಲಿ ಇಡುತ್ತೇನೆ. ‘ಲಿಸನ್’, ‘ಸೈಲೆಂಟ್’ ಎರಡರದೂ ಇ-ಐ-ಎಲ್-ಎನ್-ಎಸ್-ಟಿ. ಒಮ್ಮೆ ಮಾಡಿಟ್ಟರೆ ಆಮೇಲೆ ಬರೀ ಹೋಲಿಕೆ. ಅಕ್ಷರಕ್ಕೊಂದು ಅವಿಭಾಜ್ಯ ಸಂಖ್ಯೆ ಕೊಟ್ಟು, ಎ-ಗೆ 2, ಝಡ್‌ಗೆ 101, ಗುಣಿಸಿ ಭಾಗಿಸುವ ವಿಧಾನವೂ ಇದೆ: ಗುಣಲಬ್ಧ ಒಂದೇ ಆದರೆ ಅಕ್ಷರಗಳೂ ಅವೇ, ಶೇಷವಿಲ್ಲದೆ ಭಾಗವಾದರೆ ಒಂದರ ಅಕ್ಷರಗಳೆಲ್ಲ ಇನ್ನೊಂದರಲ್ಲಿವೆ. ನೋಡಲು ಚೆಂದ, ಆದರೆ ಉದ್ದ ಪದಗಳ ಗುಣಲಬ್ಧ ಕಂಪ್ಯೂಟರ್ ಒಂದು ಸಂಖ್ಯೆಗೆ ಸಾಮಾನ್ಯವಾಗಿ ಕೊಡುವ 64 ಬಿಟ್ ಜಾಗದಲ್ಲಿ ಹಿಡಿಸುವುದಿಲ್ಲ. ಅಕ್ಷರಕ್ಕೊಂದರಂತೆ 26 ಎಣಿಕೆಗಳ ಸಾಲೇ ವಾಸಿ.

ಇನ್ನುಳಿದ ಕಾಟವೆಲ್ಲ ಪಟ್ಟಿಯದು. ಲಿನಕ್ಸ್‌ನ ‘ವರ್ಡ್ಸ್’ ಫೈಲಿನಲ್ಲಿ ಅಂಕಿತನಾಮಗಳು, ಅಪಾಸ್ಟ್ರಫಿ-ಎಸ್ ಅಂಟಿದ ರೂಪಗಳು ಇರುತ್ತವೆ. ದೊಡ್ಡಕ್ಷರದಿಂದ ಶುರುವಾಗುವುದನ್ನೂ ಅಪಾಸ್ಟ್ರಫಿ ಇರುವುದನ್ನೂ ಮೊದಲೇ ತೆಗೆದುಹಾಕಿ. ವಿಂಡೋಸ್‌ನಲ್ಲಿ ಉಳಿಸಿದ ಫೈಲನ್ನು ಲಿನಕ್ಸ್‌ನಲ್ಲಿ ತೆರೆದರೆ ಪ್ರತಿ ಸಾಲಿನ ಕೊನೆಯಲ್ಲಿ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಆಗ ಪದದ ಉದ್ದ ಒಂದು ಹೆಚ್ಚು ತೋರಿಸುತ್ತದೆ, ಕೊನೆಯ ಗುರುತು ಹಾಕಿದ ಹುಡುಕಾಟಕ್ಕೆ ಸೊನ್ನೆ ಉತ್ತರ ಬರುತ್ತದೆ. ಅದಕ್ಕೇ ಹೊಸ ಪಟ್ಟಿ ಕೈಗೆ ಬಂದಾಗ ನಾನು ಮೊದಲು ಹಾಕುವುದು ಜಿ, ಎಚ್, ಟಿ, ಯು, ವೈ. ‘ನಾಟಿ’ಯೇ ಬರದಿದ್ದರೆ ಫೈಲಿನಲ್ಲೋ ಆಜ್ಞೆಯಲ್ಲೋ ದೋಷವಿದೆ. ‘ನಾಟಿ’ ಬಂದು ‘ಯೋಗರ್ಟ್’ ಬರದಿದ್ದರೆ ಪಟ್ಟಿಯಲ್ಲಿರುವುದು ಎಚ್ ಬಿಟ್ಟ ಅಮೆರಿಕನ್ ಕಾಗುಣಿತ.