ಒಂದೂವರೆ ಬೆರಳಿನ ಬಾಯಿಗೆ ಕ್ಯಾಪ್ ಕೂರಿಸಿದ್ದು: ನನ್ನ ಅನುಭವ

ಚನ್ನಗಿರಿ ಸುತ್ತಮುತ್ತ ಕ್ಲಿನಿಕ್ ಇಟ್ಟವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸೀಮೆ ಇದು. ಹತ್ತು ಹದಿನೈದು ವರ್ಷ ಅಡಿಕೆ, ಗುಟ್ಕಾ ಅಗಿದ ಬಾಯಿ ನಲವತ್ತು ತುಂಬುವ ಮೊದಲೇ ಬಿಗಿದುಕೊಂಡಿರುತ್ತದೆ. ಮೂರು ಬೆರಳು ಹೋಗಬೇಕಾದ ಕಡೆ ಒಂದೂವರೆ ಬೆರಳು. ಕೆನ್ನೆಯ ಒಳಗೆ ಬೆರಳಾಡಿಸಿದರೆ ಬಿಗಿದು ಕಟ್ಟಿದ ಹಗ್ಗ ಮುಟ್ಟಿದ ಹಾಗೆ. ಬೇರಿನ ಒಳಗೆ ಗಿಡ್ಡ 21 ಮಿ.ಮೀ. ಫೈಲ್ ಹಾಕಿ, ಮಕ್ಕಳ ಸೆನ್ಸರ್‌ನಲ್ಲಿ ಆರ್‌ವಿಜಿ (ಡಿಜಿಟಲ್ ಎಕ್ಸ್‌ರೇ) ತೆಗೆದು, ಹೇಗೋ ರೂಟ್ ಕೆನಾಲ್ ಮುಗಿಸಿಬಿಡುತ್ತೇವೆ. ಕ್ಯಾಪ್‌ಗೆ ಅಳತೆ ತೆಗೆಯೋಣ ಅಂದರೆ ಪುಟ್ಟಿ (ಅಚ್ಚಿನ ಪೇಸ್ಟ್) ತುಂಬಿದ ಟ್ರೇ ಒಳಗೇ ಹೋಗುವುದಿಲ್ಲ.

ಟ್ರೇ ಕತ್ತರಿಸಿ ಅರ್ಧರ್ಧ ಮಾಡಿ ನೋಡಿದೆ. ಬೆರಳಲ್ಲೇ ಪುಟ್ಟಿ ಒತ್ತಿ ನೋಡಿದೆ. ಹೊರಗೆ ತೆಗೆಯುವಾಗ ತುಟಿಯ ಮೂಲೆ ಸೀಳಿ ರಕ್ತ ಬಂತು. "ಡಾಕ್ಟ್ರಮ್ಮಾ, ಬಾಯಿ ಹರಿದೋಗ್ತತೆ, ಕ್ಯಾಪೂ ಬ್ಯಾಡ ಏನೂ ಬ್ಯಾಡ" ಎಂದು ಎದ್ದು ಹೋದವರೊಬ್ಬರು ಎಂಟು ತಿಂಗಳಿಗೆ ಅದೇ ಹಲ್ಲು ಎರಡು ಹೋಳಾಗಿ ವಾಪಸ್ ಬಂದರು. ಅಷ್ಟು ಕಷ್ಟಪಟ್ಟು ಉಳಿಸಿದ ದವಡೆ ಹಲ್ಲನ್ನು ನಾನೇ ಕಿತ್ತೆ. ಅವತ್ತೇ, ಟ್ರೇ ಇಲ್ಲದೆ ಬಾಯೊಳಗೆ ಕ್ಯಾಮೆರಾ ಆಡಿಸಿ ಅಳತೆ ತೆಗೆಯುವ ಸ್ಕ್ಯಾನರ್ ತರಬೇಕೆಂದು ತೀರ್ಮಾನಿಸಿದ್ದು.

ಹೇಳಿದವರೆಲ್ಲ ಬೇಡ ಅಂದರು. ತಾಲ್ಲೂಕು ಊರಲ್ಲಿ ಆ ದುಡ್ಡು ಹುಟ್ಟಲ್ಲ, ಅದೆಲ್ಲ ಬೆಂಗಳೂರಿನ ಫ್ಯಾಷನ್ ಎಂದು ನನ್ನ ಸೀನಿಯರ್ ಒಬ್ಬರು ನೇರವಾಗಿಯೇ ಹೇಳಿದರು. ಫ್ಯಾಷನ್ ಹೇಗಾಗುತ್ತದೆ? ಜ್ಯೂರಿಕ್‌ನಲ್ಲಿ ಬಾಯೊಳಗೆ ಕ್ಯಾಮೆರಾ ಇಟ್ಟು ಅಳತೆ ತೆಗೆದು, ಮೆಷಿನ್‌ನಲ್ಲಿ ಕೆತ್ತಿದ ಇನ್‌ಲೇ (ಹಲ್ಲಿನ ಕುಳಿಗೆ ಕೂರಿಸುವ ತುಂಡು) ಕೂರಿಸಿದ್ದು 1985ರಲ್ಲಿ. ಸ್ಕ್ಯಾನರ್‌ಗೆ ಏಳೂವರೆ ಲಕ್ಷದ ಹತ್ತಿರ, ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್‌ಗೆ ಲಕ್ಷದ ನಲವತ್ತು. ಏಳು ಲಕ್ಷ ಸಾಲ, ತಿಂಗಳ ಕಂತು ಹದಿನೆಂಟು ಸಾವಿರ ಚಿಲ್ಲರೆ, ನಾಲ್ಕು ವರ್ಷ.

ಮೊದಲ ಆರು ತಿಂಗಳು ನಷ್ಟವೇ. ಸ್ಕ್ಯಾನರ್ ಜೊತೆಗೆ ಬಂದ ಟಿಪ್ (ಬಾಯೊಳಗೆ ಹೋಗುವ, ಕನ್ನಡಿ ಇರುವ ತುದಿ) ಈ ಬಾಯಿಗಳಿಗೆ ದಪ್ಪ. ಚಿಕ್ಕ ಟಿಪ್ ಬೇರೆಯಾಗಿ ತರಿಸಿದೆ, ಒಂದಕ್ಕೆ ಐದು ಸಾವಿರದ ಆಸುಪಾಸು. ಅದರಲ್ಲಿ ಒಂದರ ಕನ್ನಡಿ ಆಟೋಕ್ಲೇವ್‌ನ (ಹಬೆಯಲ್ಲಿ ಶುದ್ಧ ಮಾಡುವ ಯಂತ್ರ) ಟ್ರೇಗೆ ಉಜ್ಜಿ ಗೀರು ಬಿತ್ತು. ಈಗ ಪ್ರತಿಯೊಂದನ್ನೂ ಗಾಜ್ ಬಟ್ಟೆಯಲ್ಲಿ ಸುತ್ತಿ, ಬೇರೆ ಪೌಚ್‌ನಲ್ಲಿ ಇಡಿಸುತ್ತೇನೆ.

ದೊಡ್ಡ ಪೆಟ್ಟು ಬಿದ್ದದ್ದು ಮಾರ್ಜಿನ್, ಅಂದರೆ ಕ್ಯಾಪ್ ಹಲ್ಲಿಗೆ ಸೇರುವ ಅಂಚಿನ ವಿಷಯದಲ್ಲಿ. ಪರದೆಯ ಮೇಲೆ ಹಲ್ಲು ನುಣ್ಣಗೆ, ಕಣ್ಣಿಗೆ ಹಬ್ಬ ಅನ್ನುವ ಹಾಗೆ ಬಂದಿತ್ತು. ಕ್ಯಾಪ್ ಬಂದ ಮೇಲೆ ನೋಡಿದರೆ ಒಂದು ಕಡೆ ಎಕ್ಸ್‌ಪ್ಲೋರರ್ (ಸಂದು ಹುಡುಕುವ ಚೂಪು ಕಡ್ಡಿ) ಸಲೀಸಾಗಿ ಒಳಗೆ ಹೋಗುತ್ತಿದೆ. ಆಗಿದ್ದೇನೆಂದರೆ, ಒಸಡಿನಿಂದ ಸಣ್ಣಗೆ ರಕ್ತ ಜಿನುಗಿ ಕ್ಯಾಮೆರಾಗೆ ಅಂಚು ಕಂಡಿರಲಿಲ್ಲ. ಸಾಫ್ಟ್‌ವೇರ್ ಸ್ಕ್ಯಾನ್‌ನಲ್ಲಿ ಉಳಿದ ಆ ತೂತನ್ನು ತಾನೇ ಊಹಿಸಿ ಮುಚ್ಚಿಬಿಟ್ಟಿತ್ತು. ಇಲ್ಲದ ಅಂಚಿಗೆ ಲ್ಯಾಬ್‌ನವರು ಜಿರ್ಕೋನಿಯಾ ಕೆತ್ತಿ ಕಳಿಸಿದ್ದರು. ಹೀಗೆ ನಾಲ್ಕು ಕ್ಯಾಪ್ ಹಾಳು, ಒಂದೊಂದಕ್ಕೆ ಸಾವಿರದ ಎಂಟುನೂರು. ಈಗ ತೂತು ಮುಚ್ಚುವ ಆಯ್ಕೆಯನ್ನು ಮೊದಲೇ ಆಫ್ ಮಾಡುತ್ತೇನೆ. ಒಸಡು ಸರಿಸುವ ದಾರ (ಕಾರ್ಡ್) ಎರಡು ಇಟ್ಟು, ಮೇಲಿನದನ್ನು ತೆಗೆದ ತಕ್ಷಣ ಗಾಳಿ ಹೊಡೆದು ಸ್ಕ್ಯಾನ್. ರಕ್ತ ಕಂಡರೆ ಅವತ್ತು ಅಷ್ಟೇ, ಟೆಂಪರರಿ ಹಾಕಿ ವಾರ ಬಿಟ್ಟು ಕರೆಸುತ್ತೇನೆ.

ಎರಡನೇ ಪೆಟ್ಟು ಬೈಟ್, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ಅಳತೆ. ಹಲ್ಲು ಕಚ್ಚಿಸಿ ಪಕ್ಕದಿಂದ ಸ್ಕ್ಯಾನ್ ಮಾಡಬೇಕಲ್ಲ, ಬಿಗಿದ ಕೆನ್ನೆ ಅಲ್ಲಾಡಿದರೆ ತಾನೆ ಟಿಪ್ ಹಿಂದೆ ಹೋಗುವುದು. ಮುಂದಿನಿಂದಲೇ ಅಷ್ಟಿಷ್ಟು ತೆಗೆದುಕೊಂಡೆ, ಜೋಡಣೆ ತಪ್ಪಿತು, ಕ್ಯಾಪ್‌ಗಳೆಲ್ಲ ಎತ್ತರ. ಕೂರಿಸಿ ಅರ್ಧ ಗಂಟೆ ಉಜ್ಜುವುದು ನನಗೂ ಹಿಂಸೆ, ಬಾಯಿ ತೆರೆದು ಕೂತವರಿಗೆ ಇನ್ನೂ ಹಿಂಸೆ.

ದಾರಿ ಸಿಕ್ಕಿದ್ದು ಕೆಲಸವನ್ನು ಎರಡು ಸಿಟ್ಟಿಂಗ್‌ಗೆ ಒಡೆದಾಗ. ಹಲ್ಲು ಮುಟ್ಟುವ ಮೊದಲೇ ಒಂದು ದಿನ ಕರೆಸಿ, ಮೇಲಿನದು, ಕೆಳಗಿನದು, ಬೈಟ್ ಮೂರನ್ನೂ ನಿಧಾನವಾಗಿ ಸ್ಕ್ಯಾನ್ ಮಾಡಿಕೊಳ್ಳುತ್ತೇನೆ. ಎರಡೂ ಕಡೆ ಕೋರೆಹಲ್ಲಿನಿಂದ ಅದರ ಹಿಂದಿನ ಪ್ರೀಮೋಲಾರ್‌ವರೆಗೆ ಬೈಟ್ ಸಿಕ್ಕರೆ ಸಾಕು. ಎರಡು ನಿಮಿಷ ಸ್ಕ್ಯಾನ್, ಒಂದು ನಿಮಿಷ ಬಾಯಿ ಮುಚ್ಚಿ ವಿಶ್ರಾಂತಿ. ಕ್ಯಾಪ್‌ಗಾಗಿ ಹಲ್ಲು ಉಜ್ಜುವ (ಪ್ರಿಪರೇಶನ್) ದಿನ ಚಿಕ್ಕ ತಲೆಯ ಡ್ರಿಲ್ (ಏರೋಟರ್), ಅದಕ್ಕೆ ಗಿಡ್ಡ ಬರ್. ಆಮೇಲೆ ಹಳೆ ಸ್ಕ್ಯಾನ್‌ನಲ್ಲಿ ಆ ಒಂದು ಹಲ್ಲನ್ನು ಮಾತ್ರ ಅಳಿಸಿ, ಅಷ್ಟೇ ಜಾಗವನ್ನು ಮತ್ತೆ ತುಂಬುತ್ತೇನೆ. ಬಾಯಿ ತೆರೆಸುವುದು ನಲವತ್ತು ಸೆಕೆಂಡ್ ಅಷ್ಟೇ. ಎರಡನೇ ಮೋಲಾರ್‌ನ (ಹಿಂದಿನ ದವಡೆ ಹಲ್ಲಿನ) ಕೆನ್ನೆ ಬದಿ ಕಾಣುವಂತೆ ಮಾಡುವುದಕ್ಕೆ ನನ್ನದೊಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕ್ಲಿನಿಕ್‌ಗೆ ಬಂದರೆ ತೋರಿಸುತ್ತೇನೆ.

ಹೀಗೆ ಮಾಡಿದ ಮೊದಲ ಕೇಸ್ 24 ಮಿ.ಮೀ. ಬಾಯಿ ತೆರೆಯುತ್ತಿದ್ದ ಅಡಿಕೆ ಖೇಣಿದಾರರು, ಕೆಳಗಿನ ಬಲಗಡೆಯ ಮೊದಲ ಮೋಲಾರ್. ಕ್ಯಾಪ್ ಕೂತ ಶಬ್ದ ನನಗೆ ಕೇಳಿಸಿತು. ಕಚ್ಚಿಸಿದಾಗ ತಗಲುವ ಜಾಗ ತೋರಿಸುವ ಬಣ್ಣದ ಕಾಗದದಲ್ಲಿ (ಆರ್ಟಿಕ್ಯುಲೇಟಿಂಗ್ ಪೇಪರ್) ಒಂದೇ ಒಂದು ಚುಕ್ಕೆ ಉಜ್ಜಿದ್ದು. ಅವರು ಎರಡು ಸಲ ಕಚ್ಚಿ ನೋಡಿ, "ಇಷ್ಟೇಯೇನ್ರಿ?" ಅಂದರು. ಬೇಡ ಅಂದಿದ್ದ ಸೀನಿಯರ್‌ಗೆ ಫೋಟೋ ಕಳಿಸಿದೆ. ಈಗ ಬಾಯಿ ತೆರೆಯದ ಕೇಸ್‌ಗಳನ್ನು ಅವರೇ ನನ್ನ ಹತ್ತಿರ ಕಳಿಸುತ್ತಾರೆ.

ಅಲ್ಲಿಂದ ಇಲ್ಲಿವರೆಗೆ ಇಂಥ ಬಾಯಿಗಳಲ್ಲೇ ಅರವತ್ತರ ಮೇಲೆ ಮಾಡಿದ್ದೇನೆ, ಲ್ಯಾಬ್‌ಗೆ ವಾಪಸ್ ಕಳಿಸಿದ ಕ್ಯಾಪ್ ಎರಡೋ ಮೂರೋ. ಪುಟ್ಟಿ, ಲೈಟ್ ಬಾಡಿಯಂಥ ಅಚ್ಚಿನ ಪೇಸ್ಟ್‌ಗಳ ಖರ್ಚು ಉಳಿಯಿತು. ಬಸ್ ಪಾರ್ಸೆಲ್‌ನಲ್ಲಿ ಒದ್ದೆ ಹತ್ತಿ ಸುತ್ತಿ ಕಳಿಸಿದ ಆಲ್ಜಿನೇಟ್ ಅಚ್ಚು ಬೆಂಗಳೂರು ಮುಟ್ಟುವಷ್ಟರಲ್ಲಿ ಕುಗ್ಗುವ ತಲೆನೋವೂ ಹೋಯಿತು. ಕಂತು ಈಗ ಕ್ಯಾಪ್‌ಗಳ ದುಡ್ಡಲ್ಲೇ ಹೊರಡುತ್ತಿದೆ.

ಮಧ್ಯೆ ಒಂದು ಹುಚ್ಚು ಹತ್ತಿ ಮೂವತ್ತೈದು ಸಾವಿರದ ಸಾಧಾರಣ ರೆಸಿನ್ 3ಡಿ ಪ್ರಿಂಟರ್ ತಂದೆ. ಹಲ್ಲಿನ ಮಾಡೆಲ್ ನಾನೇ ಪ್ರಿಂಟ್ ಮಾಡಿದರೆ ಲ್ಯಾಬ್‌ಗೆ ಕೊಡುವ ಮುನ್ನೂರು ಉಳಿಯುತ್ತದೆಂಬ ಲೆಕ್ಕ. ಮಳೆಗಾಲದ ಥಂಡಿಗೆ ರೆಸಿನ್ ಗಟ್ಟಿಯಾಗಿ, ಪ್ಲೇಟ್‌ಗೆ ಅಂಟದೆ ತೊಟ್ಟಿಯಲ್ಲೇ ಉಳಿಯಿತು. ರೂಮ್ ಹೀಟರ್ ಇಟ್ಟ ಮೇಲೆ ಸರಿಹೋಯಿತು. ಅದೇ ಉತ್ಸಾಹದಲ್ಲಿ ಬಾಯಿ ತೆರೆಯುವ ವ್ಯಾಯಾಮಕ್ಕೆ ತಿರುಪಿನ ಬುಗುರಿಯಂಥದ್ದೊಂದನ್ನು ಪ್ರಿಂಟ್ ಮಾಡಿ, ಯಾರ ಬಾಯಿಗೂ ಇಡುವ ಮೊದಲು ಕೈಯಲ್ಲಿ ತಿರುವಿ ನೋಡಿದೆ. ಚಟ್ ಅಂತ ಮುರಿಯಿತು. ಐಸ್‌ಕ್ರೀಮ್ ಕಡ್ಡಿಗಳಿಗೇ ವಾಪಸ್ ಬಂದೆ. ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿಕೊಳ್ಳುವುದು, ದಿನಕ್ಕೆ ನಾಲ್ಕೈದು ಸಲ, ವಾರಕ್ಕೊಂದು ಕಡ್ಡಿ ಸೇರಿಸಲು ಪ್ರಯತ್ನ. ಅಡಿಕೆ ಬಿಡದೆ ಇದರಿಂದ ಏನೂ ಆಗುವುದಿಲ್ಲ, ಅದನ್ನು ಪ್ರತಿಯೊಬ್ಬರ ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಕ್ಯಾಪ್ ಮಾತು ಎತ್ತುವ ಮೊದಲು ಕೆನ್ನೆ, ನಾಲಗೆಯ ಅಡಿ ಎಲ್ಲ ನೋಡಿ. ಕೆಂಪು-ಬಿಳಿ ಕಲೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ಸ್ಕ್ಯಾನರ್ ಬದಿಗಿಟ್ಟು ಬಯಾಪ್ಸಿಗೆ ಕಳಿಸಿ.

ಬಾಯಿ ತೆರೆಯುವುದು 22 ಮಿ.ಮೀ.ಗಿಂತ ಕಡಿಮೆ ಇದ್ದರೆ ಮೋಲಾರ್‌ಗೆ ನನ್ನ ವಿಧಾನವೂ ನಡೆಯುವುದಿಲ್ಲ, ಪ್ರೀಮೋಲಾರ್ ಆದರೆ 18ಕ್ಕೂ ಮಾಡಿದ್ದೇನೆ. ಸದ್ಯಕ್ಕೆ ಇಪ್ಪತ್ತೆಂಟು ವರ್ಷದ ಹುಡುಗನೊಬ್ಬ ಬರುತ್ತಿದ್ದಾನೆ, ಮೋಲಾರ್‌ಗೆ ರೂಟ್ ಕೆನಾಲ್ ಕಷ್ಟಪಟ್ಟು ಮುಗಿದಿದೆ. ಗುಟ್ಕಾ ಬಿಟ್ಟು ಮೂರು ತಿಂಗಳಾಯಿತು. ಶುರುವಿನಲ್ಲಿ ಎಂಟು ಕಡ್ಡಿ ಹೋಗುತ್ತಿತ್ತು, ಮೊನ್ನೆ ಹತ್ತು ಹೋಯಿತು. ಹನ್ನೊಂದು, ಅಂದರೆ ಸುಮಾರು 22 ಮಿ.ಮೀ., ಹೋದ ದಿನ ಸ್ಕ್ಯಾನ್ ಮಾಡುತ್ತೇನೆಂದು ಹೇಳಿದ್ದೇನೆ.