ಚಳಿ ಇಳಿಯುವ ಹೊತ್ತಿಗೆ ಕೈತೋಟಕ್ಕೆ ಏನು ಹಾಕಬೇಕು?

ಚಳಿಗಾಲದ ಕೊನೆಯಲ್ಲಿ ನಾಲ್ಕು ದಿನ ಚೆನ್ನಾಗಿ ಬಿಸಿಲು ಬಿದ್ದರೆ ಸಾಕು, ಜನ ಚಿತ್ರ ಚೆನ್ನಾಗಿರುವ ಬೀಜದ ಪ್ಯಾಕೆಟ್‌ಗಳನ್ನೆಲ್ಲ ತಂದು ಒಂದೇ ದಿನ ಬಿತ್ತಿಬಿಡುತ್ತಾರೆ. ಬೆಂಡೆ ಬೀಜ ತಣ್ಣನೆ ಮಣ್ಣಿನಲ್ಲೇ ಕೊಳೆಯುತ್ತದೆ. ಪಕ್ಕದ ಬಟಾಣಿ ಹೂ ಬಿಡುವಷ್ಟರಲ್ಲಿ ಬಿಸಿಲು ಏರಿ ಬಾಡುತ್ತದೆ. ಆಮೇಲೆ ಬೀಜವನ್ನು ಬೈಯುತ್ತಾರೆ. ಎಷ್ಟೋ ಸಲ ಎಡವಿದ್ದು ಆಯ್ಕೆಯಲ್ಲೇ.

1. ಬಿಸಿಲು ನೋಡಿ
ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಸೊಪ್ಪು 3–4 ಗಂಟೆಯಲ್ಲೂ ಬರುತ್ತದೆ. ಎಲೆ ಉದುರಿದ ಮರದ ಕೆಳಗೆ ಈಗ ಬಿಸಿಲಿದೆ ಅಂತ ನಂಬಬೇಡಿ, ಚಿಗುರಿದ ಮೇಲೆ ಅದು ನೆರಳೇ.

2. ಮಣ್ಣು ಹಿಂಡಿ
ಒಂದು ಹಿಡಿ ಮಣ್ಣು ಗಟ್ಟಿಯಾಗಿ ಹಿಡಿದು ಬೆರಳಿನಿಂದ ತಿವಿಯಿರಿ. ಉದುರಿದರೆ ಅಗೆಯಬಹುದು, ಉಂಡೆ ಹಾಗೇ ಉಳಿದರೆ ಇನ್ನೂ ಕಾಯಿರಿ.

3. ಮಣ್ಣಿನ ಬಿಸಿ ಅಳೆಯಿರಿ
ಗಾಳಿ ಬೆಚ್ಚಗಾದ ಕೂಡಲೇ ಮಣ್ಣು ಬೆಚ್ಚಗಾಗುವುದಿಲ್ಲ. ಕಡ್ಡಿ ಥರ್ಮಾಮೀಟರನ್ನು ಬೆಳಗಿನ ಹೊತ್ತು 10 ಸೆಂ.ಮೀ. ಆಳಕ್ಕೆ ಚುಚ್ಚಿ, ನಾಲ್ಕೈದು ದಿನ ಬಿಡದೆ ನೋಡಿ. ಅಡುಗೆಮನೆಯದ್ದೇ ಆದರೂ ಆಗುತ್ತದೆ. ತೇವ, ಬೆಳಕು, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಎಲ್ಲವನ್ನೂ ತೋರಿಸುತ್ತೇವೆ ಅನ್ನುವ ಅಗ್ಗದ ಮೀಟರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

5ರಿಂದ 10 ಡಿಗ್ರಿ ಸೆಲ್ಸಿಯಸ್ ಇದ್ದರೆ ಬಟಾಣಿ, ಪಾಲಕ್, ಮೂಲಂಗಿ, ಲೆಟ್ಯೂಸ್ ನಿಧಾನವಾಗಿಯಾದರೂ ಮೊಳೆಯುತ್ತವೆ. ಬೀನ್ಸ್‌ಗೆ 16 ಆದರೂ ಬೇಕು. ಬೆಂಡೆ, ಸೌತೆಗೆ 20 ದಾಟಲಿ.

4. ದಿನ ಎಣಿಸಿ
ಎಲ್ಲರೂ ತಪ್ಪುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಪ್ಯಾಕೆಟ್ ಹಿಂದೆ ಕೊಯ್ಲಿಗೆ ಎಷ್ಟು ದಿನ ಅಂತ ಬರೆದಿರುತ್ತದೆ. ಆ ಎಣಿಕೆ ಎಲ್ಲಿಂದ ಶುರು ಅನ್ನುವುದೇ ಮುಖ್ಯ. ನೇರವಾಗಿ ಬಿತ್ತುವ ಮೂಲಂಗಿ, ಕ್ಯಾರೆಟ್, ಬಟಾಣಿಗೆ ಬಿತ್ತಿದ ದಿನದಿಂದ. ಸಸಿ ಮಾಡಿ ನೆಡುವ ಟೊಮೆಟೊ, ಮೆಣಸಿನಕಾಯಿ, ಹೂಕೋಸಿಗೆ ಸಾಮಾನ್ಯವಾಗಿ ನಾಟಿ ಮಾಡಿದ ದಿನದಿಂದ. ಸಸಿ ಬೆಳೆಯುವ ವಾರಗಳು ಅದರಲ್ಲಿ ಸೇರಿರುವುದಿಲ್ಲ.

ಹೂಕೋಸನ್ನೇ ತೆಗೆದುಕೊಳ್ಳಿ. ಪ್ಯಾಕೆಟ್ ಮೇಲೆ 70 ದಿನ ಅಂತಿದೆ. ಸಸಿಗೆ 35 ದಿನ ಸೇರಿಸಿ, 105 ಆಯಿತು. ತಣ್ಣನೆ ಮಣ್ಣಿನಲ್ಲಿ ಎಲ್ಲವೂ ನಿಧಾನ, ಇನ್ನೆರಡು ವಾರ ಸೇರಿಸಿ. ಸುಮಾರು 120 ದಿನ. ನಿಮ್ಮಲ್ಲಿ ಇನ್ನು 80 ದಿನಕ್ಕೆ ಬಿಸಿಲು 30 ಡಿಗ್ರಿ ಮುಟ್ಟುವುದಾದರೆ ಹೂಕೋಸಿನ ಬೀಜ ಈಗ ಬೇಡವೇ ಬೇಡ. ಸೆಕೆಗೆ ಗಡ್ಡೆ ಬಿಗಿಯಾಗದೆ ಬಿಡಿಬಿಡಿಯಾಗುತ್ತದೆ. ಕೈಗೆ ಒಳ್ಳೆಯ ಸಸಿ ಸಿಕ್ಕರೆ ಮಾತ್ರ ನೋಡಬಹುದು. ಅದೇ ಮೂಲಂಗಿ 30 ದಿನದ್ದು, ಎರಡು ವಾರ ಸೇರಿಸಿದರೂ ಆರಾಮಾಗಿ ಮುಗಿಯುತ್ತದೆ. ಪಾಲಕ್ ಕೂಡ ಹಾಗೇ, ಆದರೆ ಈಗಲೇ ಬಿತ್ತಬೇಕು. ಹಗಲು ಉದ್ದವಾಗಿ ಸೆಕೆ ಏರಿದರೆ ಸೊಪ್ಪು ಬಿಟ್ಟು ಹೂದಂಟು ಎಬ್ಬಿಸುತ್ತದೆ.

ಬೇಸಿಗೆ ಗಿಡಗಳಿಗೆ ಲೆಕ್ಕ ಹಿಂದಕ್ಕೆ. ಮಣ್ಣು ಬೆಚ್ಚಗಾಗುವ ದಿನ, ಹಿಮ ಬೀಳುವ ಕಡೆ ಕೊನೆಯ ಹಿಮ ಕಳೆದ ದಿನ, ಅಲ್ಲಿಂದ ಹಿಂದಕ್ಕೆ ಎಣಿಸಿ. ಮೆಣಸಿನಕಾಯಿಯನ್ನು 8–10 ವಾರ ಮೊದಲೇ ಟ್ರೇಯಲ್ಲಿ ಬಿತ್ತಬೇಕು, ಟೊಮೆಟೊ 6 ವಾರ ಮೊದಲು. ಸೌತೆಗೆ 3 ವಾರ ಸಾಕು, ಅದರ ಬೇರು ಅಲುಗಾಡಿಸಿದರೆ ಮುನಿಸಿಕೊಳ್ಳುತ್ತದೆ. ಹಾಗಾಗಿ ಚಳಿ ಇರುವಾಗಲೇ ಟ್ರೇಗೆ ಮೊದಲು ಇಳಿಯಬೇಕಾದದ್ದು ಮೆಣಸಿನಕಾಯಿ. ಟ್ರೇಗೆ ಬೆಳಕು ಜಾಸ್ತಿ ಇರಲಿ, ಇಲ್ಲದಿದ್ದರೆ ಸಸಿ ದಾರದಂತೆ ಎಳೆದುಕೊಂಡು ಬೀಳುತ್ತದೆ.

5. ಹಳೆ ಬೀಜ ಪರೀಕ್ಷಿಸಿ
ಒದ್ದೆ ಟಿಶ್ಯೂ ಕಾಗದದಲ್ಲಿ 10 ಬೀಜ ಸುತ್ತಿ ಬೆಚ್ಚಗಿಡಿ. ಏಳೆಂಟು ಮೊಳೆತರೆ ಬಿತ್ತಿ, ಐದಕ್ಕಿಂತ ಕಡಿಮೆಯಾದರೆ ಬಿಸಾಕಿ. ಟೊಮೆಟೊ ಬೀಜ ಸರಿಯಾಗಿ ಇಟ್ಟರೆ ನಾಲ್ಕು ವರ್ಷ ತಡೆಯುತ್ತದೆ. ಈರುಳ್ಳಿ ಬೀಜ ಮಾತ್ರ ಪ್ರತಿ ವರ್ಷ ಹೊಸದು ತನ್ನಿ. ದಿನಾಂಕವೇ ಇಲ್ಲದ 'ಹತ್ತು ತರಕಾರಿ ಮಿಶ್ರಣ'ದ ಪ್ಯಾಕೆಟ್ ಮುಟ್ಟಲೇಬೇಡಿ.

6. ಸಸಿ ಕೊಳ್ಳುವುದಾದರೆ
ಎತ್ತರದ್ದು, ಹೂ ಬಿಟ್ಟದ್ದು ಬೇಡ. ಗಿಡ್ಡ, ದಪ್ಪ ಕಾಂಡದ್ದೇ ಆರಿಸಿ. ಕುಂಡದ ಅಡಿಯಲ್ಲಿ ಬೇರು ಸುತ್ತಿಕೊಂಡಿದ್ದರೆ ಬಿಟ್ಟುಬಿಡಿ. ಮಣ್ಣಿನಲ್ಲಿ ಕರಗುವ ಕುಂಡ ಅಂತ ಮಾರುತ್ತಾರಲ್ವಾ, ಅದರ ಅಂಚು ಮಣ್ಣಿನಿಂದ ಮೇಲೆ ಉಳಿದರೆ ಬೇರಿನ ತೇವ ಹೀರಿ ಗಾಳಿಗೆ ಬಿಡುತ್ತದೆ. ಅಂಚು ಹರಿದು ಪೂರ್ತಿ ಹೂಳಿ.

7. ನಾಲ್ಕೇ ಬಗೆ
ಹೊಸಬರಿಗೆ ನಾಲ್ಕಕ್ಕಿಂತ ಹೆಚ್ಚು ಬೇಡ. ನನ್ನ ಪಟ್ಟಿ ಮೂಲಂಗಿ, ಪಾಲಕ್, ಬಟಾಣಿ, ಟ್ರೇಯಲ್ಲಿ ಟೊಮೆಟೊ. ಟೊಮೆಟೊ ಸಸಿ ನಾಟಿಗೆ ಬರುವಷ್ಟರಲ್ಲಿ ಮೂಲಂಗಿ ಕಿತ್ತಾಗಿರುತ್ತದೆ. ಅದೇ ಜಾಗಕ್ಕೆ ಕಾಂಪೋಸ್ಟ್ ಬೆರೆಸಿ, ಸಂಜೆ ಹೊತ್ತು ನೆಡಿ.