ಮನೆಯ ಹಾಡುಗಳು ಮೊಬೈಲ್ ಬ್ರೌಸರಿನಲ್ಲಿ

ಹಾಡುಗಳನ್ನೆಲ್ಲ ಫೋನಿಗೆ ತುಂಬುವುದು ಬೇಡ. ಅವು ಇರುವ ಕಂಪ್ಯೂಟರಿಗೆ ನಾವಿಡ್ರೋಮ್ ಹಾಕಿ, ಅಲ್ಲಿನ ಹಾಡುಗಳನ್ನು ಬೇರೆ ಸಾಧನಗಳಲ್ಲಿ ಕೇಳಿಸುವ ಸಾಫ್ಟ್‌ವೇರ್ ಇದು, ಉಚಿತ. ಸೆಟ್ಟಿಂಗ್ಸ್ ಫೈಲಿನಲ್ಲಿ ಹಾಡಿನ ಫೋಲ್ಡರ್ ಎಲ್ಲಿದೆ ಅಂತ ಬರೆಯಿರಿ. ಫೋನ್ ಅದೇ ವೈಫೈನಲ್ಲಿರಲಿ. ಬ್ರೌಸರಿನಲ್ಲಿ ಕಂಪ್ಯೂಟರಿನ ಐಪಿ ವಿಳಾಸ (ವೈಫೈನಲ್ಲಿ ಅದಕ್ಕಿರುವ ಸಂಖ್ಯೆ), ಕೋಲನ್, 4533 ಟೈಪ್ ಮಾಡಿ. ಮೊದಲ ಸಲ ಅಡ್ಮಿನ್ ಖಾತೆ ಮಾಡಲು ಹೇಳುತ್ತದೆ. ಪುಟವೇ ತೆರೆಯದಿದ್ದರೆ ಕಂಪ್ಯೂಟರಿನ ಫೈರ್‌ವಾಲ್ (ಹೊರಗಿನ ಸಂಪರ್ಕಕ್ಕೆ ಕಾವಲು) ತಡೆಯುತ್ತಿದೆಯಾ ನೋಡಿ.

ಜಾಸ್ತಿ ಕೆಲಸ ಇರುವುದು ಟ್ಯಾಗ್‌ಗಳಲ್ಲಿ. ನಾವಿಡ್ರೋಮ್ ಫೋಲ್ಡರಿನ ಹೆಸರು ನೋಡಿ ಹಾಡು ಜೋಡಿಸುವುದಿಲ್ಲ, ಫೈಲಿನೊಳಗಿನ ಟ್ಯಾಗ್, ಅಂದರೆ ಹಾಡು, ಗಾಯಕರು, ಆಲ್ಬಂ ಹೆಸರಿನ ಮಾಹಿತಿ ಓದುತ್ತದೆ. ಹಾಡಿಗೊಬ್ಬರು ಗಾಯಕರಿದ್ದ ನನ್ನ ಒಂದು ಆಲ್ಬಂ ಚೂರುಚೂರಾಗಿ ಕಾಣುತ್ತಿತ್ತು. ಟ್ಯಾಗ್ ತಿದ್ದುವ ಎಂಪಿ3ಟ್ಯಾಗ್ ಸಾಫ್ಟ್‌ವೇರಿನಲ್ಲಿ ಎಲ್ಲ ಹಾಡು ಆರಿಸಿ, 'ಆಲ್ಬಂ ಆರ್ಟಿಸ್ಟ್' ಜಾಗಕ್ಕೆ ಒಂದೇ ಹೆಸರು ಕೊಟ್ಟೆ. ಮತ್ತೆ ಸ್ಕ್ಯಾನ್ ಮಾಡಿದಾಗ ಆಲ್ಬಂ ಒಂದಾಯಿತು. ಎಷ್ಟು ಖುಷಿ ಗೊತ್ತಾ!

ಹೊರಗಿನಿಂದಲೂ ಕೇಳಬೇಕು ಅನ್ನಿಸುತ್ತೆ ಅಲ್ವಾ? ಸುಮ್ನೆ ರೂಟರಿನ ಪೋರ್ಟ್ (ಇಂಟರ್ನೆಟ್‌ನಿಂದ ಒಳಬರುವ ದಾರಿ) ತೆರೆದಿಡಬೇಡಿ, ಟೇಲ್‌ಸ್ಕೇಲ್‌ನಂಥ ವಿಪಿಎನ್ (ನಿಮ್ಮ ಸಾಧನಗಳ ನಡುವಿನ ಖಾಸಗಿ ಸಂಪರ್ಕ) ಬಳಸಿ. ಗಾತ್ರ ದೊಡ್ಡದಿರುವ ಫ್ಲ್ಯಾಕ್ ಫೈಲುಗಳಿದ್ದರೆ ನಾವಿಡ್ರೋಮ್‌ನ ಪ್ಲೇಯರ್ ಸೆಟ್ಟಿಂಗಿನಲ್ಲಿ ಓಪಸ್ ಎಂಬ ಚಿಕ್ಕ ಗಾತ್ರದ ರೂಪ ಆರಿಸಿ, ಡೇಟಾ ಉಳಿಯುತ್ತದೆ.